ಎಲ್ ನಿನೋ ಬಂದರೆ ಬರವೇ? ಕಡಲಿನ ಬಿಸಿ ಮತ್ತು ನಮ್ಮ ಮಳೆಯ ಲೆಕ್ಕವನ್ನು ತರಗತಿಗೆ ತರುವ ಬಗೆ

ಬೋಧನಾಭ್ಯಾಸದ ಪಾಠಯೋಜನೆಗಳಲ್ಲಿ ಒಂದು ವಾಕ್ಯ ಮೇಲಿಂದ ಮೇಲೆ ಕಾಣಸಿಗುತ್ತದೆ: “ಎಲ್ ನಿನೋ ಉಂಟಾದ ವರ್ಷ ಭಾರತದಲ್ಲಿ ಬರಗಾಲ ಬರುತ್ತದೆ.” ಪ್ರಶಿಕ್ಷಣಾರ್ಥಿ ಅದನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಘಟಕ ಪರೀಕ್ಷೆಯಲ್ಲಿ ಅದು ಒಂದು ಅಂಕದ ಪ್ರಶ್ನೆಯಾಗುತ್ತದೆ. ಮಲಪ್ರಭೆಯ ದಂಡೆಯ ಶಾಲೆಗಳಲ್ಲಿ ಈ ವಾಕ್ಯ ಹೇಳುವ ಮೊದಲು ಸ್ವಲ್ಪ ನಿಲ್ಲಬೇಕು.

2009 ಎಲ್ ನಿನೋ ವರ್ಷ. ಆ ಸಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಒಟ್ಟು ಮಳೆ ವಾಡಿಕೆಗಿಂತ ಶೇ. 22ರಷ್ಟು ಕಡಿಮೆಯಾಯಿತು. 1972ರ ನಂತರ ಅಷ್ಟು ದೊಡ್ಡ ಕೊರತೆ ಬಿದ್ದಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ, ಹಸ್ತ ಮಳೆ ಹೂಡಿದ ಹೊತ್ತಿಗೆ, ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಬಾಗಲಕೋಟೆ, ವಿಜಯಪುರ, ರಾಯಚೂರು ಜಿಲ್ಲೆಗಳ ಊರೂರು ಮುಳುಗಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಮಣ್ಣಿನ ಮೇಲ್ಮುದ್ದೆಯ ಮನೆಗಳು ನೆನೆದು ಕುಸಿದವು. ಬಾದಾಮಿ, ಹುನಗುಂದ ಭಾಗದ ಹೊಳೆದಂಡೆಯ ಎಷ್ಟೋ ಕುಟುಂಬಗಳಿಗೆ ‘ಆಸರೆ’ ಯೋಜನೆಯ ಮನೆಗಳು ಬಂದದ್ದು ಆ ಮಳೆಯಿಂದಲೇ. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎನ್ನುವ ನಾಡಿನಲ್ಲಿ ಮಳೆಯೇ ಕೇಡಾದ ವರ್ಷ ಅದು. ಆಸರೆ ಮನೆಯಿಂದ ಶಾಲೆಗೆ ಬರುವ ಹುಡುಗಿ ಮನೆಗೆ ಹೋಗಿ, “ಎಲ್ ನಿನೋ ವರ್ಷ ಮಳಿ ಆಗೂದಿಲ್ಲಂತ ನಮ್ಮ ಸರ್ ಹೇಳ್ಯಾರ” ಎಂದರೆ ಅವರಪ್ಪ ಏನೆಂದಾನು?

ಹಾಗೆಂದು “ಕಡಲಿಗೂ ನಮ್ಮ ಮಳೆಗೂ ಸಂಬಂಧವೇ ಇಲ್ಲ” ಎನ್ನುವಂತೆಯೂ ಇಲ್ಲ. ಸಂಬಂಧ ಇದೆ, ನೂರು ವರ್ಷಗಳಿಂದ ಅಳೆದದ್ದಿದೆ. ಆದರೆ ಅದು ಇಂಥದಾದರೆ ಇಂಥದೇ ಆಗುತ್ತದೆ ಎನ್ನುವ ಸಂಬಂಧವಲ್ಲ. ಸಂಭವ ಎತ್ತ ವಾಲುತ್ತದೆ, ಎಷ್ಟು ವಾಲುತ್ತದೆ ಎನ್ನುವ ಸಂಬಂಧ. ಈ ವ್ಯತ್ಯಾಸವನ್ನು ಪ್ರೌಢಶಾಲೆಯ ಮಕ್ಕಳಿಗೆ, ಪಿಯುಸಿ ವಿದ್ಯಾರ್ಥಿಗಳಿಗೆ ಅಂಕಿಗಳಿಂದಲೇ ಕಲಿಸಬಹುದು. ಭೂಗೋಳ ಮತ್ತು ಗಣಿತದ ಪ್ರಶಿಕ್ಷಣಾರ್ಥಿಗಳು ಕೂಡಿ ಎರಡು ಅವಧಿಯಲ್ಲಿ ಮುಗಿಸಬಹುದಾದ ಪಾಠ ಇದು.

ಒಲೆ ಜಾಗ ಬದಲಿಸಿದಾಗ

ಮೊದಲು ಭೂಗೋಳದ ಭಾಗ. ಇದನ್ನು ಬೇಗ ಮುಗಿಸಿ. ಪೆಸಿಫಿಕ್ ಸಾಗರದ ಸಮಭಾಜಕದ ಮೇಲೆ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತವೆ. ಅವು ಮೇಲ್ಪದರದ ಬಿಸಿನೀರನ್ನು ಇಂಡೋನೇಷ್ಯಾದ ಕಡೆಗೆ ದಬ್ಬುತ್ತವೆ. ಅಲ್ಲಿ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಮೋಡ ಕಟ್ಟುತ್ತದೆ. ಕೆಲವು ವರ್ಷಗಳಿಗೊಮ್ಮೆ ಈ ಮಾರುತಗಳು ಸೋಲುತ್ತವೆ. ಬಿಸಿನೀರು ಪೂರ್ವಕ್ಕೆ, ಪೆರು ದೇಶದ ಕಡೆಗೆ ಹರಡುತ್ತದೆ. ಅಲ್ಲಿನ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಬರುವ ಈ ಬಿಸಿನೀರಿಗೆ ಬಾಲಯೇಸುವಿನ ಹೆಸರಿಟ್ಟು ಎಲ್ ನಿನೋ ಎಂದರು. ಅಡುಗೆಮನೆಯಲ್ಲಿ ಒಲೆಯ ಜಾಗ ಬದಲಿಸಿದರೆ ಹೊಗೆ ಏಳುವ ಜಾಗವೂ ಬದಲಾಗುತ್ತದಲ್ಲ, ಹಾಗೆಯೇ ಇದು. ಗಾಳಿ ಮೇಲೇಳುವ ತಾಣ ಪೂರ್ವಕ್ಕೆ ಸರಿದಾಗ ನಮ್ಮ ಕಡೆ ಗಾಳಿ ಕೆಳಗಿಳಿಯುವ ಒಲವು ಹೆಚ್ಚುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದು ಕಷ್ಟ. ಇದರ ತಿರುಗುಮುರುಗು ಸ್ಥಿತಿ ಲಾ ನಿನಾ.

ನಮ್ಮ ಹಿಂದೂ ಮಹಾಸಾಗರಕ್ಕೂ ಇಂಥದೇ ಒಂದು ತೂಗಾಟ ಇದೆ. ಆಫ್ರಿಕಾ ಕಡೆಯ ನೀರು ಎಂದಿಗಿಂತ ಬಿಸಿಯಾಗಿ, ಸುಮಾತ್ರಾ ಕಡೆಯದು ತಂಪಾದರೆ ಅದನ್ನು ಧನಾತ್ಮಕ ಡೈಪೋಲ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ ನಮ್ಮ ಮುಂಗಾರಿಗೆ ಅನುಕೂಲ. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಗುರುತಿಸಿ ಬರೆದವರಲ್ಲಿ ಒಬ್ಬರಾದ ಬಿ. ಎನ್. ಗೋಸ್ವಾಮಿ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅದೇ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಸಂಗಡಿಗರು 2004ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಿಂದೂ ಮಹಾಸಾಗರದ ಸಮಭಾಜಕದ ಮೇಲಿನ ಗಾಳಿ-ಮೋಡಗಳ ತೂಗಾಟವನ್ನೂ ಎಲ್ ನಿನೋವನ್ನೂ ಕೂಡಿಸಿ ನೋಡಿದರೆ ಮಾತ್ರ ಅತಿವೃಷ್ಟಿ, ಅನಾವೃಷ್ಟಿಯ ವರ್ಷಗಳು ಬಿಡಿಸಿದಂತೆ ಕಾಣುತ್ತವೆ ಎಂದು ತೋರಿಸಿದರು. ಕರ್ನಾಟಕದ ಮಕ್ಕಳು ಈ ಹೆಸರುಗಳನ್ನು ಕೇಳಿರಬೇಕು. ಪಾಠದಲ್ಲಿ ವಿಜ್ಞಾನಿಗಳೆಲ್ಲ ಪರದೇಶದವರೇ ಆಗಿರಬೇಕಿಲ್ಲ.

ಕಲಾದಗಿಯ ಬರ, ವಾಕರ್‌ನ ಲೆಕ್ಕ

ಮಳೆಯನ್ನು ಮುಂಚಿತವಾಗಿ ಹೇಳುವ ಸರಕಾರಿ ಪ್ರಯತ್ನ ನಮ್ಮ ದೇಶದಲ್ಲಿ ಹುಟ್ಟಿದ್ದಕ್ಕೆ ನಮ್ಮ ಈ ನೆಲದ ನೋವೂ ಒಂದು ಕಾರಣ. 1876–78ರ ಮಹಾಕ್ಷಾಮದ ಹೊತ್ತಿಗೆ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಕಲಾದಗಿ ಜಿಲ್ಲೆಯಲ್ಲಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಮೇಲಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂಬುದು ಬೇರೆ. ಐವರಲ್ಲಿ ಒಬ್ಬರು ಲೆಕ್ಕದಿಂದ ಕಾಣೆಯಾದರು. 1877 ಬಲವಾದ ಎಲ್ ನಿನೋ ವರ್ಷವೆಂದು ಇಂದು ಗೊತ್ತು. ಅಂದು ಆ ಹೆಸರೂ ಇಲ್ಲಿಗೆ ಬಂದಿರಲಿಲ್ಲ.

1875ರಲ್ಲಿ ಸ್ಥಾಪನೆಯಾಗಿದ್ದ ಹವಾಮಾನ ಇಲಾಖೆಯ ಮೇಲೆ ಈ ಕ್ಷಾಮದ ನಂತರ ಒತ್ತಡ ಬಿತ್ತು. ಅದರ ಮುಖ್ಯಸ್ಥ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ನಂಟು ಕಂಡು, 1886ರಲ್ಲಿ ಮೊದಲ ದೀರ್ಘಾವಧಿ ಮುನ್ಸೂಚನೆ ಕೊಟ್ಟರು. ಒಂದೇ ಸೂಚಕ, ಒಂದೇ ಮಾತು. ಮುಂದೆ 1904ರಲ್ಲಿ ಗಿಲ್ಬರ್ಟ್ ವಾಕರ್ ಬಂದರು. ಅವರು ಹವಾಮಾನ ತಜ್ಞರಲ್ಲ, ಕೇಂಬ್ರಿಜ್‌ನ ಗಣಿತಜ್ಞ. ಕೊಳಲು ಮತ್ತು ಬೂಮರಾಂಗ್‌ಗಳ ಬಗ್ಗೆ ಆಸಕ್ತಿ ಇದ್ದ ಮನುಷ್ಯ. ಮಳೆಯ ಭೌತಶಾಸ್ತ್ರ ತಿಳಿಯದಿದ್ದರೂ ಮಳೆಯ ಜೊತೆ ಏರಿಳಿಯುವ ಬೇರೆ ಸಂಗತಿಗಳನ್ನು ಅಂಕಿಗಳಲ್ಲಿ ಹುಡುಕಬಹುದು ಎಂಬುದು ಅವರ ದಾರಿ. ಪ್ರಪಂಚದ ನಾನಾ ಕಡೆಯ ಒತ್ತಡ, ಉಷ್ಣಾಂಶ, ಮಳೆಯ ದಾಖಲೆ ತರಿಸಿ, ಇಲಾಖೆಯ ಗುಮಾಸ್ತರಿಂದ ಕೈಯಲ್ಲೇ ಸಹಸಂಬಂಧ ಗುಣಾಂಕಗಳನ್ನು ಲೆಕ್ಕ ಹಾಕಿಸಿದರು. ಆ ರಾಶಿಯಿಂದ ಎದ್ದು ಬಂದದ್ದು ಅವರು 1924ರಲ್ಲಿ ದಕ್ಷಿಣ ಆಂದೋಲನ ಎಂದು ಕರೆದ ಸಂಗತಿ: ಪೆಸಿಫಿಕ್ ಕಡೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ. ಈ ತಕ್ಕಡಿಯನ್ನೂ ಕಡಲಿನ ಬಿಸಿಯನ್ನೂ ಒಂದಕ್ಕೊಂದು ಜೋಡಿಸಿ ವಿವರಿಸಿದವರು ಬಿಯರ್ಕ್ನೆಸ್, 1969ರಲ್ಲಿ.

ಗಣಿತದ ಪ್ರಶಿಕ್ಷಣಾರ್ಥಿಗಳು ವಾಕರ್‌ರ ಇನ್ನೊಂದು ಕೆಲಸವನ್ನು ಗಮನಿಸಬೇಕು. ನೂರು ಊರುಗಳ ಅಂಕಿಗಳನ್ನು ಮಳೆಯ ಜೊತೆ ಹೋಲಿಸಿದರೆ, ಯಾವ ನಂಟೂ ಇಲ್ಲದಿದ್ದರೂ ಐದಾರು ಊರು ‘ಹೊಂದುತ್ತವೆ’ ಎಂದು ಕಂಡೇ ಕಾಣುತ್ತವೆ. ಹುಡುಕಿ ತೆಗೆದ ದೊಡ್ಡ ಗುಣಾಂಕವನ್ನು ಸಹಜವಾಗಿ ಸಿಕ್ಕ ಗುಣಾಂಕದಂತೆ ನಂಬಬಾರದು ಎಂದು ವಾಕರ್ 1914ರಷ್ಟು ಹಿಂದೆಯೇ ಎಚ್ಚರಿಸಿದ್ದರು. ಇದು ಎಷ್ಟು ನಿಜವೆಂದು ಇಲಾಖೆಗೇ ಮುಂದೆ ಗೊತ್ತಾಯಿತು. 1988ರಿಂದ 16 ಸೂಚಕಗಳ ಹಿಂಚಲನ ಸಮೀಕರಣ ಬಳಕೆಗೆ ಬಂತು. ವಸಂತ ಗೋವಾರಿಕರ್ ಮತ್ತು ಸಂಗಡಿಗರು ಕಟ್ಟಿದ ಈ ಮಾದರಿ ಹಲವು ವರ್ಷ ಹೆಸರು ಮಾಡಿತು. 2002ರಲ್ಲಿ ಅದು ವಾಡಿಕೆಯ ಶೇ. 101 ಮಳೆ ಎಂದಿತು. ಬಂದದ್ದು ಶೇ. 81. ಜುಲೈ ತಿಂಗಳಲ್ಲಂತೂ ದೇಶಕ್ಕೆ ಅರ್ಧದಷ್ಟು ಮಳೆಯೂ ಸರಿಯಾಗಿ ದಕ್ಕಲಿಲ್ಲ. ಮರುವರ್ಷ ಆ ಮಾದರಿಯನ್ನು ಕೈಬಿಟ್ಟು ಕಡಿಮೆ ಸೂಚಕಗಳ ಮಾದರಿಗಳನ್ನು ತಂದರು. ಕೆಲವೇ ದಶಕಗಳ ದಾಖಲೆಗೆ 16 ಸೂಚಕಗಳೆಂದರೆ ಹುಡುಗನ ಹಳೆಯ ಅಳತೆಗೆ ಬಿಗಿಯಾಗಿ ಹೊಲಿದ ಅಂಗಿಯಂತೆ. ಹಳೆಯ ವರ್ಷಗಳಿಗೆ ಚೆಂದ ಕೂರುತ್ತದೆ, ಮುಂದಿನ ವರ್ಷಕ್ಕೆ ಕಂಕುಳಲ್ಲಿ ಹರಿಯುತ್ತದೆ.

ಕಪ್ಪುಹಲಗೆಯ ಮೇಲೆ ಹತ್ತು ವರ್ಷ

ಈಗ ಲೆಕ್ಕಕ್ಕೆ ಬರೋಣ. ಪಾಠದ ಜೀವ ಇರುವುದು ಇಲ್ಲಿ, ಆದ್ದರಿಂದ ಸಮಯವನ್ನೂ ಇಲ್ಲಿಯೇ ಕೊಡಿ.

ಕೆಳಗೆ ಹತ್ತು ವರ್ಷಗಳಿವೆ. ಮೊದಲ ಅಂಕಿ, ಆ ವರ್ಷದ ಜುಲೈ–ಸೆಪ್ಟೆಂಬರ್ ಹೊತ್ತಿಗೆ ನಡುಪೆಸಿಫಿಕ್ ನೀರು ಸರಾಸರಿಗಿಂತ ಎಷ್ಟು ಡಿಗ್ರಿ ಸೆಲ್ಸಿಯಸ್ ಬಿಸಿ ಅಥವಾ ತಂಪಾಗಿತ್ತು ಎಂಬುದು. ಕೈಲೆಕ್ಕಕ್ಕೆ ಸುಲಭವಾಗಲೆಂದು ಅರ್ಧ ಡಿಗ್ರಿಗೆ ದುಂಡಾಗಿಸಿದೆ. ಎರಡನೆಯದು, ದೇಶದ ಮುಂಗಾರು ಮಳೆ ವಾಡಿಕೆಯಿಂದ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದು. ಇದೂ ದುಂಡು ಅಂಕಿ.

1982: ಕಡಲು +1.0, ಮಳೆ −15
1987: ಕಡಲು +1.5, ಮಳೆ −19
1988: ಕಡಲು −1.0, ಮಳೆ +19
1997: ಕಡಲು +2.0, ಮಳೆ +2
2002: ಕಡಲು +1.0, ಮಳೆ −19
2009: ಕಡಲು +0.5, ಮಳೆ −22
2010: ಕಡಲು −1.5, ಮಳೆ +2
2015: ಕಡಲು +2.0, ಮಳೆ −14
2019: ಕಡಲು 0, ಮಳೆ +10
2022: ಕಡಲು −1.0, ಮಳೆ +6

ಇವು ಪಾಠಕ್ಕೆಂದು ಆಯ್ದ ವರ್ಷಗಳು, ದೊಡ್ಡ ಏರಿಳಿತದವು ಇದರಲ್ಲಿ ಹೆಚ್ಚಿವೆ. ಇದನ್ನು ಮಕ್ಕಳಿಗೂ ಮೊದಲೇ ಹೇಳಬೇಕು. ಸಾಲಾಗಿ ಎಲ್ಲ ವರ್ಷಗಳನ್ನೂ ತೆಗೆದುಕೊಂಡರೆ ನಂಟು ಇದಕ್ಕಿಂತ ಸಡಿಲವಾಗಿ ಕಾಣುತ್ತದೆ.

ಮಕ್ಕಳು ಗ್ರಾಫ್ ಹಾಳೆಯ ಮೇಲೆ ಹತ್ತು ಚುಕ್ಕೆ ಇಡಲಿ. ಅಡ್ಡಕ್ಕೆ ಕಡಲು, ಉದ್ದಕ್ಕೆ ಮಳೆ. ತರಗತಿಗೆಲ್ಲ ಕಾಣುವಂತೆ ಥರ್ಮೋಕೋಲ್ ಹಲಗೆಯ ಮೇಲೆ ಗುಂಡುಪಿನ್ನು ಚುಚ್ಚಬಹುದು. ಇಳಕಲ್ ಕಡೆಯ ಶಾಲೆಯಾದರೆ ಮಗ್ಗದ ಮನೆಯಿಂದ ಒಂದು ಕೆಂಪು ನೂಲು ತರಿಸಿ. ಇಬ್ಬರು ಮಕ್ಕಳು ಆ ನೂಲನ್ನು ಬಿಗಿಯಾಗಿ ಹಿಡಿದು ಪಿನ್ನುಗಳ ನಡುವೆ ಅತ್ತಿತ್ತ ಸರಿಸಲಿ, ಉಳಿದವರು “ಮ್ಯಾಲೆ, ಇನ್ನಷ್ಟು ಕೆಳಗ” ಎನ್ನಲಿ. ಯಾವ ಇಳಿಜಾರಿನಲ್ಲಿ ನೂಲು ಎಲ್ಲ ಪಿನ್ನುಗಳಿಗೂ ಆದಷ್ಟು ಹತ್ತಿರ ಬರುತ್ತದೆ? ಸೂತ್ರ ಕಲಿಸುವ ಮೊದಲು ಈ ಆಟ ಆಗಲೇಬೇಕು. ನೂಲು ಎಡದಿಂದ ಬಲಕ್ಕೆ ಇಳಿಯುತ್ತದೆ ಎಂದು ಕಣ್ಣಿಗೆ ಬಿದ್ದ ಮೇಲೆ ಋಣ ಸಹಸಂಬಂಧ ಎಂಬ ಪದ ಹೊಸದೆನಿಸುವುದಿಲ್ಲ.

ಪಿಯುಸಿ ತರಗತಿಯಾದರೆ ಕನಿಷ್ಠ ವರ್ಗಗಳ ವಿಧಾನದಿಂದ ಗೆರೆಯನ್ನು ಹುಡುಕಿಸಿ. ಕಡಲಿನ ಸರಾಸರಿ 0.45, ಮಳೆಯ ಸರಾಸರಿ −5. ಇಳಿಜಾರು ಸುಮಾರು −7 ಬರುತ್ತದೆ. ಗೆರೆಯ ಸಮೀಕರಣ ಹೆಚ್ಚುಕಡಿಮೆ ಹೀಗೆ:

ಮಳೆ = −2 − 7 × ಕಡಲು

ನಡುಪೆಸಿಫಿಕ್ ಒಂದು ಡಿಗ್ರಿ ಬಿಸಿಯಾದರೆ ದೇಶದ ಮುಂಗಾರು ಸರಾಸರಿಯಲ್ಲಿ ಶೇ. 7ರಷ್ಟು ಕೆಳಗೆ ವಾಲುತ್ತದೆ ಎಂದು ಓದಿಕೊಳ್ಳಬೇಕು. ಸಹಸಂಬಂಧ ಗುಣಾಂಕ −0.62. ಅದರ ವರ್ಗ 0.38. ಮಳೆಯ ಏರಿಳಿತದಲ್ಲಿ ಐದರಲ್ಲಿ ಎರಡು ಪಾಲನ್ನು ಮಾತ್ರ ಈ ಗೆರೆ ಹಿಡಿದಿದೆ. ಮೂರು ಪಾಲು ಹೊರಗಿದೆ.

ಸಾಮಾನ್ಯವಾಗಿ ಪಾಠ ಇಲ್ಲಿಗೆ ನಿಲ್ಲುತ್ತದೆ, ಗೆರೆ ಬಂತು ಅಂದರೆ ಉತ್ತರ ಬಂತು ಎಂದು. ನನ್ನ ಮಟ್ಟಿಗೆ ಪಾಠ ಶುರುವಾಗುವುದೇ ಇಲ್ಲಿಂದ. ಪ್ರತಿ ಪಿನ್ನಿನಿಂದ ನೂಲಿಗೆ ನೇರ ಮೇಲೆ ಅಥವಾ ಕೆಳಗೆ ಎಷ್ಟು ದೂರ ಇದೆ, ಅಳೆಯಿಸಿ. ಇದನ್ನು ಉಳಿಕೆ ಎನ್ನೋಣ. 2015ಕ್ಕೆ ಗೆರೆ −16 ಎನ್ನುತ್ತದೆ, ಬಂದದ್ದು −14, ಉಳಿಕೆ ಬರೀ 2. 1997ಕ್ಕೂ ಕಡಲು ಅಷ್ಟೇ ಬಿಸಿ, ಗೆರೆ ಅದಕ್ಕೂ −16 ಎನ್ನುತ್ತದೆ. ಬಂದದ್ದು +2, ಉಳಿಕೆ 18! ಒಂದೇ ಬಿಸಿಯ ಎರಡು ವರ್ಷ, ಎರಡು ಬಗೆಯ ಮಳೆ. ಹೀಗೇಕೆ ಎಂದು ಮಕ್ಕಳು ಕೇಳಲಿ, ಕೇಳುವವರೆಗೆ ಕಾಯಿರಿ. 1997ರಲ್ಲಿ ಹಿಂದೂ ಮಹಾಸಾಗರ ಅನುಕೂಲವಾಗಿತ್ತು, ಬಲವಾದ ಧನಾತ್ಮಕ ಡೈಪೋಲ್ ಇತ್ತು. 2019ರ ಉಳಿಕೆ 12, ಅಲ್ಲಿಯೂ ಡೈಪೋಲ್ ಬಲವಾಗಿತ್ತು. 2002ರಲ್ಲಿ ಹಿಂದೂ ಮಹಾಸಾಗರವೂ ಪ್ರತಿಕೂಲ, ಉಳಿಕೆ −10. ಮೊದಲ ಗೆರೆಯ ಉಳಿಕೆಗಳನ್ನು ನೋಡಿಯೇ ಎರಡನೆಯ ಸೂಚಕದ ಅಗತ್ಯ ಗೊತ್ತಾಗುವುದು. ಬಹು ಹಿಂಚಲನೆ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಪ್ರೇರಣೆ ನನಗೆ ಕಂಡಿಲ್ಲ.

ಇನ್ನೊಂದು ಪ್ರಯೋಗ. 1997ರ ಪಿನ್ನನ್ನು ಕಿತ್ತು ಮತ್ತೆ ಲೆಕ್ಕ ಹಾಕಿಸಿ. ಗುಣಾಂಕ −0.62ರಿಂದ −0.78ಕ್ಕೆ ಜಿಗಿಯುತ್ತದೆ, ಇಳಿಜಾರು −7ರಿಂದ −9.5ಕ್ಕೆ. ಒಂದೇ ಒಂದು ವರ್ಷ ಇರುವುದು, ಇಲ್ಲದಿರುವುದು ಇಷ್ಟು ವ್ಯತ್ಯಾಸ ಮಾಡುತ್ತದೆ. ತಮಗೆ ಬೇಕಾದ ವರ್ಷಗಳನ್ನಷ್ಟೇ ಇಟ್ಟುಕೊಂಡು ಬೇಕಾದ ಮಾತು ಹೇಳಿಸುವುದು ಎಷ್ಟು ಸುಲಭ ಎಂದು ಮಕ್ಕಳಿಗೆ ಆಗ ತಾನಾಗಿ ತಿಳಿಯುತ್ತದೆ. ಈ ನಂಟು ಕಾಲದಿಂದ ಕಾಲಕ್ಕೂ ಒಂದೇ ಸಮ ಇಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಕೃಷ್ಣಕುಮಾರ್ ಮತ್ತು ಜೊತೆಗಾರರು 1999ರಲ್ಲಿ, ಎಲ್ ನಿನೋ ಮತ್ತು ನಮ್ಮ ಮುಂಗಾರಿನ ನಂಟು ಹಿಂದಿನ ದಶಕಗಳಿಗಿಂತ ಸಡಿಲವಾಗಿದೆ ಎಂದು ತೋರಿಸಿದ್ದರು.

ಗೆರೆಯ ಪರೀಕ್ಷೆ

ಗೆರೆಯನ್ನು ಎಳೆಯಲು ಬಳಸಿದ ವರ್ಷಗಳಲ್ಲೇ ಅದನ್ನು ಪರೀಕ್ಷಿಸಿದರೆ, ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು ಪರೀಕ್ಷೆ ಮಾಡಿದಂತೆ. ಹೊಸ ವರ್ಷಗಳು ಬೇಕು. 2014, 2020, 2023 ತೆಗೆದುಕೊಳ್ಳಿ. ಕಡಲು ಕ್ರಮವಾಗಿ 0, −0.5, +1.5. ಗೆರೆ ಹೇಳುವುದು −2, +1.5, −12.5. ಬಂದ ಮಳೆ −12, +9, −6. ಗೆರೆಯ ತಪ್ಪುಗಳು 10, 7.5, 6.5. ಸರಾಸರಿ 8.

ಈಗ ತರಗತಿಯಲ್ಲಿ ಏನೂ ಲೆಕ್ಕ ಮಾಡದೆ “ಎಲ್ಲಾ ವರ್ಷಾನೂ ವಾಡಿಕಿಯಷ್ಟ ಆಗ್ತದ ಬಿಡ್ರಿ” ಎಂದು ಕೂತ ಹುಡುಗನನ್ನು ಎಬ್ಬಿಸಿ. ಅವನ ತಪ್ಪುಗಳು 12, 9, 6. ಸರಾಸರಿ 9. ಇಷ್ಟೆಲ್ಲ ಸರ್ಕಸ್ ಮಾಡಿದ ಗೆರೆ ಅವನಿಗಿಂತ ಒಂದೇ ಒಂದು ಅಂಶ ಮುಂದೆ! ತರಗತಿ ನಗುತ್ತದೆ, ನಗಲಿ. ಮೂರು ವರ್ಷ ಯಾವ ತೀರ್ಮಾನಕ್ಕೂ ಸಾಲದು ಎಂಬುದನ್ನೂ ಹೇಳಿ. ಯಾವ ಮುನ್ಸೂಚನೆಯನ್ನಾದರೂ ಅಳೆಯಬೇಕಾದದ್ದು ಅದು ಸರಿಯೋ ತಪ್ಪೋ ಎಂದಲ್ಲ, ಏನೂ ಗೊತ್ತಿಲ್ಲದವನ ಊಹೆಗಿಂತ ಎಷ್ಟು ಮೇಲು ಎಂದು. ಹವಾಮಾನ ತಜ್ಞರು ತಮ್ಮ ಮಾದರಿಗಳನ್ನು ಅಳೆಯುವುದೂ ಹೀಗೆಯೇ.

ಇಲ್ಲಿ ಚುರುಕಾದ ವಿದ್ಯಾರ್ಥಿ ಒಬ್ಬಳು ಕೇಳಬಹುದು: ಜುಲೈ–ಸೆಪ್ಟೆಂಬರ್ ಕಡಲಿನ ಬಿಸಿ ನಮಗೆ ಏಪ್ರಿಲ್‌ನಲ್ಲಿ ಹೇಗೆ ಗೊತ್ತಾಗಬೇಕು? ಸರಿಯಾದ ಪ್ರಶ್ನೆ. ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ಮುನ್ಸೂಚನೆ ಕೊಡುವವರು ಮೊದಲು ಕಡಲನ್ನೇ ಊಹಿಸಬೇಕು. ಮಾರ್ಚ್–ಮೇ ತಿಂಗಳುಗಳಲ್ಲಿ ಎಲ್ ನಿನೋದ ಮುಂದಿನ ನಡೆಯನ್ನು ಊಹಿಸುವುದು ವರ್ಷದಲ್ಲೇ ಅತಿ ಕಷ್ಟ. ಆದ್ದರಿಂದಲೇ ಇಲಾಖೆ ಏಪ್ರಿಲ್‌ನಲ್ಲಿ ಒಮ್ಮೆ ಹೇಳಿ, ಮೇ ಕೊನೆಯಲ್ಲಿ ಪರಿಷ್ಕರಿಸುತ್ತದೆ. 2009ರಲ್ಲಿ ಏಪ್ರಿಲ್‌ನ ಮಾತು ಶೇ. 96, ಜೂನ್‌ನದು ಶೇ. 93, ಬಂದದ್ದು ಶೇ. 78.

ಹಾಗಾದರೆ ಗೆರೆಯಿಂದ ಏನು ಪ್ರಯೋಜನ? ನಮ್ಮ ಹತ್ತು ವರ್ಷಗಳಲ್ಲಿ ಉಳಿಕೆಗಳ ಮಾನಕ ವಿಚಲನೆ ಸುಮಾರು 12. ಕಡಲು 2 ಡಿಗ್ರಿ ಬಿಸಿಯಾದ ವರ್ಷಕ್ಕೆ ಗೆರೆ ಹೇಳುವುದು −16. ಅದರ ಆಚೀಚೆ 12ರ ಹರವು ಇಟ್ಟು ಸಾಮಾನ್ಯ ವಿತರಣೆಯ ಕೋಷ್ಟಕ ನೋಡಿದರೆ, ಮಳೆ ಶೇ. 10ಕ್ಕಿಂತ ಹೆಚ್ಚು ಕೊರತೆಯಾಗುವ ಸಂಭವ ನೂರಕ್ಕೆ ಸುಮಾರು 70. ಕಡಲು ಸಮಸ್ಥಿತಿಯಲ್ಲಿದ್ದರೆ ಅದೇ ಸಂಭವ ನೂರಕ್ಕೆ ಸುಮಾರು 25. ನಮ್ಮ ಆಯ್ದ ವರ್ಷಗಳಿಂದಾಗಿ ಈ ಅಂತರ ಉಬ್ಬಿದೆ, ನಿಜ. ಆದರೆ ಮಾತಿನ ರೂಪ ಇದು. 25 ಇದ್ದದ್ದು 70 ಆಯಿತು, 100 ಆಗಲಿಲ್ಲ. ಉಳಿದ 30ರಲ್ಲಿ 1997 ಇದೆ.

“ಎಲ್ ನಿನೋ ಉಂಟಾದ ವರ್ಷ ಬರಗಾಲ ಬರುತ್ತದೆ” ಎಂಬ ವಾಕ್ಯವನ್ನು ಪಾಠಯೋಜನೆಯಲ್ಲಿ ತಿದ್ದುವುದಾದರೆ ಹೀಗೆ ತಿದ್ದಿ: “ಎಲ್ ನಿನೋ ವರ್ಷ ದೇಶದ ಮುಂಗಾರು ಕೊರತೆಯಾಗುವ ಸಂಭವ ಹೆಚ್ಚು.” ಎರಡು ಪದಗಳ ತಿದ್ದುಪಡಿ ಅಷ್ಟೆ. ಆದರೆ ‘ದೇಶದ’ ಎಂಬ ಪದದ ಮೇಲೆ ಇನ್ನೊಂದು ಅವಧಿ ಬೇಕು.

ದೇಶದ ಮಳೆ, ನಮ್ಮ ಮಳೆ

ದೇಶದ ವಾಡಿಕೆ ಮುಂಗಾರು 87 ಸೆಂಟಿಮೀಟರ್. ಬಾಗಲಕೋಟೆ ಜಿಲ್ಲೆಗೆ ಇಡೀ ವರ್ಷ ಬಿದ್ದರೂ 60 ದಾಟುವುದು ಅಪರೂಪ, ಅದರಲ್ಲೂ ಸೆಪ್ಟೆಂಬರ್‌ದೇ ದೊಡ್ಡ ಪಾಲು. ದೊಡ್ಡ ಸರಾಸರಿಯೊಳಗೆ ಸಣ್ಣ ಊರು ಎಷ್ಟು ಬೇರೆಯಾಗಿ ನಡೆಯಬಹುದು ಎಂಬುದಕ್ಕೆ ಮೂರು ವರ್ಷ ಸಾಕು. 2009ರಲ್ಲಿ ದೇಶಕ್ಕೆ ಶೇ. 22 ಕೊರತೆ, ನಮ್ಮಲ್ಲಿ ನೆರೆ. 2023ರಲ್ಲಿ ದೇಶಕ್ಕೆ ಶೇ. 6 ಮಾತ್ರ ಕೊರತೆ, ಆದರೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ನಮ್ಮ ಜಿಲ್ಲೆಯೂ ಅದರಲ್ಲಿತ್ತು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೆ ಮಲಪ್ರಭೆ ನುಗ್ಗಿದಳು. ಅದು ಹೆಚ್ಚಿನಂಶ ನಮ್ಮ ಹೊಲಗಳ ಮೇಲೆ ಬಿದ್ದ ಮಳೆಯಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿ ಕಡೆಯ ಘಟ್ಟದಲ್ಲಿ ಬಿದ್ದು, ನವಿಲುತೀರ್ಥದ ಅಣೆಕಟ್ಟು ತುಂಬಿ ಬಿಟ್ಟ ನೀರು. ನದಿಯ ನೀರು ಮತ್ತು ಹೊಲದ ಮಳೆ ಬೇರೆ ಬೇರೆ ಎಂಬ ಸರಳ ಸಂಗತಿ ನಮ್ಮ ಪಠ್ಯಗಳಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತದೆ.

ಇನ್ನು ರೈತನ ಪ್ರಶ್ನೆ ಬೇರೆಯೇ. ಹುನಗುಂದದ ಎರಿ ಹೊಲದವನಿಗೆ ನಾಲ್ಕು ತಿಂಗಳ ಒಟ್ಟು ಮಳೆಗಿಂತ, ಮುಂಗಾರಿಯಲ್ಲಿ ಹೆಸರು ಬಿತ್ತಲು ಹದ ಸಿಕ್ಕೀತೇ, ಹಿಂಗಾರಿಯ ಬಿಳಿಜೋಳ, ಕಡಲೆಗೆ ಉತ್ತರಿ-ಹಸ್ತದಲ್ಲಿ ಮಣ್ಣು ನೆನೆದೀತೇ ಎಂಬುದು ಮುಖ್ಯ. ಋತುಮಾನದ ಮುನ್ಸೂಚನೆ ಇದನ್ನು ಹೇಳುವುದಿಲ್ಲ. ಎಲ್ ನಿನೋ ವರ್ಷಗಳಲ್ಲಿ ಅಕ್ಟೋಬರ್ ನಂತರ ದಕ್ಷಿಣದ ತಮಿಳುನಾಡು ಕಡೆ ಹಿಂಗಾರು ಹೆಚ್ಚುವ ಒಲವಿದೆ, ಮುಂಗಾರಿಗೆ ಅಡ್ಡಿಯಾದ ಕಡಲು ಹಿಂಗಾರಿಗೆ ನೆರವಾಗುತ್ತದೆ. ಆದರೆ ಆ ಒಲವನ್ನು ಎಳೆದು ತಂದು ಉತ್ತರ ಒಳನಾಡಿನ ನಮ್ಮ ಹಿಂಗಾರಿಗೆ ಹಾಗೇ ಹೊದಿಸಬಾರದು.

ಈ ಅವಧಿಗೆ ಮಕ್ಕಳ ಮನೆಯಲ್ಲೇ ಸಾಮಗ್ರಿ ಇದೆ. ರೋಹಿಣಿ, ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹುಬ್ಬ, ಉತ್ತರಿ, ಹಸ್ತ: ಹಿರಿಯರು ಮಳೆಯನ್ನು ನೆನಪಿಟ್ಟುಕೊಳ್ಳುವುದು ಈ ಹೆಸರುಗಳಲ್ಲಿ. ಸೂರ್ಯನ ವಾರ್ಷಿಕ ದಾರಿಯನ್ನು 27 ಸಮಭಾಗ ಮಾಡಿದ್ದರಿಂದ ಒಂದೊಂದು ಮಳೆಗೆ 13 ಅಥವಾ 14 ದಿನ. ಚಂದ್ರಮಾನದ ತಿಂಗಳಂತೆ ಹಿಂದೆ ಮುಂದೆ ಸರಿಯುವುದಿಲ್ಲ, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಹೂಡುತ್ತದೆ. ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಇವು ಸಮ ಅಳತೆಯ ವರ್ಗಾಂತರಗಳು. ಆವೃತ್ತಿ ಕೋಷ್ಟಕದ ಮೊದಲ ಅಂಕಣವನ್ನು ಅಜ್ಜ ಬರೆದುಕೊಟ್ಟಾಗಿದೆ, ಎರಡನೆಯ ಅಂಕಣದ ಮಿಲಿಮೀಟರ್‌ಗಳನ್ನು ಮಕ್ಕಳು ತುಂಬಬೇಕು ಅಷ್ಟೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಹೋಬಳಿಯ ದಾಖಲೆಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು. ಅದೂ ಸಿಗದಿದ್ದರೆ ಶಾಲೆಯ ಅಂಗಳದಲ್ಲಿ ನೇರ ಗೋಡೆಯ ಡಬ್ಬಿ ಇಟ್ಟು ಸ್ಕೇಲಿನಿಂದ ಅಳೆದರೂ ಸಾಕು.

ವೀಕ್ಷಕರಾಗಿ ಹೋಗುವ ಅಧ್ಯಾಪಕರಿಗೆ ಒಂದು ಮಾತು. ಈ ಪಾಠದ ಮೌಲ್ಯಮಾಪನದಲ್ಲಿ “ಎಲ್ ನಿನೋ ಎಂದರೇನು?” ಎಂಬ ಪ್ರಶ್ನೆಗೆ ಅಂಕ ಕಡಿಮೆ ಇಡಿ. “ಶೇ. 60 ಸಂಭವ ಎಂದಾಗಲೂ ಆಗದೇ ಹೋದರೆ ಮುನ್ಸೂಚನೆ ಸುಳ್ಳೇ?” ಎಂದು ಕೇಳಿಸಿ. ಒಂದು ವರ್ಷದಿಂದ ಅದನ್ನು ತೀರ್ಮಾನಿಸಲಾಗದು, ಶೇ. 60 ಎಂದ ವರ್ಷಗಳನ್ನೆಲ್ಲ ಒಟ್ಟು ಹಾಕಿ ಅವುಗಳಲ್ಲಿ ಹತ್ತಕ್ಕೆ ಆರು ಸಲ ಆಯಿತೇ ಎಂದು ನೋಡಬೇಕು ಎಂಬ ಉತ್ತರ ಮಕ್ಕಳಿಂದ ಬಂದರೆ ಪಾಠ ತಲುಪಿದೆ.

ಮುಂದಿನ ಜೂನ್‌ನಲ್ಲಿ ಬೋಧನಾಭ್ಯಾಸಕ್ಕೆ ಹೋಗುವವರು ಇದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಮೇ ಕೊನೆಯ ಪರಿಷ್ಕೃತ ಮುನ್ಸೂಚನೆ ಬಂದ ಮೇಲೆ ಪ್ರತಿ ಮಗುವೂ ಮೂರು ಅಂಕಿ ಬರೆಯಲಿ: ನಮ್ಮ ಹೋಬಳಿಯಲ್ಲಿ ಮಿರಗದಿಂದ ಉತ್ತರಿಯವರೆಗಿನ ಮಳೆ ವಾಡಿಕೆಗಿಂತ ಕಡಿಮೆಯಾಗುವ ಸಂಭವ ಎಷ್ಟು, ವಾಡಿಕೆಯಷ್ಟಾಗುವುದು ಎಷ್ಟು, ಹೆಚ್ಚಾಗುವುದು ಎಷ್ಟು. ಮೂರೂ ಕೂಡಿ ನೂರು ಆಗಬೇಕು. ಒಂದೇ ಖಾನೆಯಲ್ಲಿ 100 ಬರೆಯುವ ಹಾಗಿಲ್ಲ. ಚೀಟಿಗಳನ್ನು ಲಕೋಟೆಯಲ್ಲಿಟ್ಟು ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ ಇರಿಸಿ. ಉತ್ತರಿ ಮಳೆ ಸೆಪ್ಟೆಂಬರ್ 26ರ ಸುಮಾರಿಗೆ ಮುಗಿಯುತ್ತದೆ. ದಸರಾ ರಜೆಗೆ ಮೊದಲು ಲಕೋಟೆ ಒಡೆದು, ಡಬ್ಬಿಯ ಅಳತೆಯ ಜೊತೆ ಹೋಲಿಸಿ ನೋಡಲು ಒಂದು ಅವಧಿ ಸಾಕು.